ಮಗುವೇ ಬೇಡವೆಂದಿತಂತೆ



ಇವತ್ತು ನಾನು ಹೇಳಹೊರಟಿರುವುದು ಒಂದೇ ಒಂದು ಊರಿನ ಭಾಷೆಯ ಸಂಗತಿ. ಊರಿನ ಹೆಸರು ಗಾಪುನ್. ಭಾಷೆಯ ಹೆಸರು ತಾಯಾಪ್. ಊರಿನಲ್ಲಿದ್ದ ಜನ ಸುಮಾರು 200. ಅವರಲ್ಲಿ ತಾಯಾಪನ್ನು ಸರಾಗವಾಗಿ ಆಡಬಲ್ಲವರು 2010ರ ದಶಕದ ಲೆಕ್ಕದಲ್ಲೇ 50ರ ಆಸುಪಾಸು. ಪಕ್ಕದ ಊರಿಗೆ ಹೋದರೆ ಈ ಭಾಷೆ ನಡೆಯುವುದಿಲ್ಲ. ಗಾಪುನ್ ಬಿಟ್ಟರೆ ಅದಕ್ಕೆ ಬೇರೆ ನೆಲೆಯಿರಲಿಲ್ಲ.

ಗಾಪುನ್ ಇರುವುದು ಪಪುವಾ ನ್ಯೂಗಿನಿ ದೇಶದಲ್ಲಿ. ಭೂಪಟವನ್ನು ನೆನಪಿಗೆ ತಂದುಕೊಳ್ಳಿ. ಆಸ್ಟ್ರೇಲಿಯಾ ಖಂಡದ ಉತ್ತರಕ್ಕೆ, ಸಮುದ್ರದಾಚೆ, ಒಂದು ದೊಡ್ಡ ದ್ವೀಪ ಅಡ್ಡಲಾಗಿ ಮಲಗಿದೆ. ಅದರ ಪಡುವಣ ಅರ್ಧ ಇಂಡೊನೇಷ್ಯಾಕ್ಕೆ ಸೇರಿದ್ದು. ಮೂಡಣ ಅರ್ಧವೇ ಪಪುವಾ ನ್ಯೂಗಿನಿ. 1975ರಲ್ಲಿ ಆಸ್ಟ್ರೇಲಿಯಾದ ಆಡಳಿತದಿಂದ ಬಿಡುಗಡೆಯಾದ ದೇಶ. ವಿಸ್ತಾರದಲ್ಲಿ ಕರ್ನಾಟಕದ ಎರಡು ಪಟ್ಟಿಗಿಂತ ಹೆಚ್ಚು. ಜನಸಂಖ್ಯೆ ಸುಮಾರು ಒಂದು ಕೋಟಿ. ಭಾಷೆಗಳು ಮಾತ್ರ 800ಕ್ಕೂ ಮಿಕ್ಕಿ. ಜಗತ್ತಿನ ಬೇರಾವ ದೇಶದಲ್ಲೂ ಇಷ್ಟು ಭಾಷೆಗಳಿಲ್ಲ.

ಆ ದೇಶದ ಉತ್ತರ ಕರಾವಳಿಯಲ್ಲಿ ಎರಡು ದೊಡ್ಡ ನದಿಗಳು ಕಡಲಿಗೆ ಬೀಳುತ್ತವೆ. ಒಂದು ಸೆಪಿಕ್, ಇನ್ನೊಂದು ರಾಮು. ಇವೆರಡರ ನಡುವಿನ ಜೌಗುಕಾಡಿನ ಒಳಗೆ ಗಾಪುನ್ ಇದೆ. ರಸ್ತೆಯಿಲ್ಲ. ಮೊದಲು ದೋಣಿ, ಕಾಂಡ್ಲಾ ಕಾಡಿನ ಹಿನ್ನೀರಿನಲ್ಲಿ. ಆಮೇಲೆ ಕೆಸರಿನಲ್ಲಿ ನಡಿಗೆ. ಮನೆಗಳು ಕಂಬಗಳ ಮೇಲೆ ನಿಂತಿದ್ದವು. ಅಲ್ಲಿಯ ಅನ್ನ ಎಂದರೆ ಸಾಗೋ. ನಾವು ಸಬ್ಬಕ್ಕಿ ಅನ್ನುತ್ತೇವಲ್ಲ, ಅದರ ಮೂಲರೂಪ. ಒಂದು ಜಾತಿಯ ತಾಳೆಮರವನ್ನು ಕಡಿದು, ಕಾಂಡದ ತಿರುಳನ್ನು ಜಜ್ಜಿ, ನೀರಿನಲ್ಲಿ ತೊಳೆದು, ಕೆಳಗೆ ನಿಂತ ಹಿಟ್ಟನ್ನು ತೆಗೆಯುತ್ತಾರೆ. ಇನ್ನೊಂದು ವಿಷಯ ಕೇಳಿದರೆ ಮಲೆನಾಡಿನವರಿಗೂ ಕರಾವಳಿಯವರಿಗೂ ಖುಷಿಯಾದೀತು. ಗಾಪುನ್‌ನಲ್ಲಿ ಎಲ್ಲರ ಬಾಯಲ್ಲೂ ಅಡಿಕೆ. ಸುಣ್ಣವೂ ಉಂಟು. ನಾವು ವೀಳ್ಯದೆಲೆ ಹಾಕಿಕೊಳ್ಳುವ ಕಡೆ ಅವರು ಅದೇ ಕುಲದ ಬಳ್ಳಿಯ ಕಾಯನ್ನು ಸುಣ್ಣದಲ್ಲಿ ಅದ್ದಿ ಕಚ್ಚುತ್ತಾರೆ. ಉಗುಳು ಮಾತ್ರ ನಮ್ಮದರಷ್ಟೇ ಕೆಂಪು.

ಇರಲಿ, ಭಾಷೆಗೆ ಬರೋಣ.

ತಾಯಾಪನ್ನು ಪಪುವಾ ಭಾಷೆ ಎಂದು ಕರೆಯುತ್ತಾರೆ. ಈ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು. ದ್ರಾವಿಡ ಭಾಷೆಗಳು ಎಂದಾಗ ಕನ್ನಡ, ತಮಿಳು, ತೆಲುಗು, ತುಳು ಒಂದೇ ಬೇರಿನವು ಎಂಬ ಅರ್ಥ ಬರುತ್ತದೆ. ಪಪುವಾ ಭಾಷೆಗಳು ಎಂದಾಗ ಹಾಗಲ್ಲ. ಆ ಪ್ರದೇಶದಲ್ಲಿ ಆಸ್ಟ್ರೊನೇಷಿಯನ್ ಎಂಬ ದೊಡ್ಡ ಭಾಷಾಕುಟುಂಬವೊಂದಿದೆ. ಅದಕ್ಕೆ ಸೇರದೆ ಉಳಿದವನ್ನೆಲ್ಲ ಒಟ್ಟಿಗೆ ಗುಡ್ಡೆ ಹಾಕಿ ಪಪುವಾ ಎಂದರು. ಆ ಗುಡ್ಡೆಯೊಳಗೆ ಹತ್ತಾರು ಕುಟುಂಬಗಳಿವೆ. ಒಂದಕ್ಕೊಂದು ಸಂಬಂಧವೇ ಕಾಣದವು ಎಷ್ಟೋ ಇವೆ. ತಾಯಾಪ್ ಅಂಥದು. ಅದಕ್ಕೆ ಅಕ್ಕತಂಗಿಯರಿಲ್ಲ. ಸುತ್ತಲಿನ ಕೊಪಾರ್, ಮುರಿಕ್, ಅಜೋರಾ ಭಾಷೆಗಳ ಜೊತೆ ಹೋಲಿಸಿ ನೋಡಿದ್ದಾರೆ. ಎರವಲು ಪದಗಳು ಸಿಗುತ್ತವೆ, ರಕ್ತಸಂಬಂಧ ಸಿಗುವುದಿಲ್ಲ.

ಇದಕ್ಕೊಂದು ಕಾರಣ ನೆಲದ ಚರಿತ್ರೆಯಲ್ಲಿ ಇರಬಹುದು ಎಂದು ಊಹೆ. ಸುಮಾರು 6,000 ವರ್ಷಗಳ ಹಿಂದೆ ಸೆಪಿಕ್ ಮತ್ತು ರಾಮು ನದಿಗಳ ಕೆಳಬಯಲು ಸಮುದ್ರವಾಗಿತ್ತು. ಗಾಪುನ್ ಇರುವ ಜಾಗ ಆಗ ನೀರಿನ ನಡುವಿನ ದ್ವೀಪ. ಆಮೇಲೆ ನದಿಗಳು ಹೂಳು ತಂದು ತುಂಬಿದವು, ಕಡಲು ಹಿಂದೆ ಸರಿಯಿತು, ಹೊಸ ನೆಲಕ್ಕೆ ಹೊಸ ಜನ ಬಂದರು. ತಾಯಾಪ್ ಆ ಹಳೆಯ ದ್ವೀಪದ ಭಾಷೆಯೊಂದರ ಮುಂದುವರಿಕೆ ಇದ್ದೀತು. ಸಾಧಿಸಿ ತೋರಿಸುವುದು ಕಷ್ಟ. ಆದರೂ ನೆಲದ ಸಾಕ್ಷಿ ಮತ್ತು ಭಾಷೆಯ ಒಂಟಿತನ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಈ ಭಾಷೆ ಹೊರಗಿನವರ ಕಿವಿಗೆ ಬಿದ್ದದ್ದು 1937ರಲ್ಲಿ. ಗೆಯೋರ್ಗ್ ಹೋಲ್ಟ್ಕರ್ ಎಂಬ ಜರ್ಮನ್ ಪಾದ್ರಿ ಗಾಪುನ್‌ಗೆ ಹೋಗಿದ್ದರು. ಸುಮಾರು 125 ಪದಗಳನ್ನು ಬರೆದುಕೊಂಡು ಬಂದು ಮರುವರ್ಷ ಪ್ರಕಟಿಸಿದರು. ಜೊತೆಗೆ ಒಂದು ಮಾತು ಸೇರಿಸಿದರು. ದಾರಿ ದುರ್ಗಮ, ಊರು ಪುಟ್ಟದು, ವಿದ್ವಾಂಸರಿಗೆ ಸಿಗುವ ಲಾಭ ಅಲ್ಪ. ಇನ್ನೊಬ್ಬ ಸಂಶೋಧಕ ಇತ್ತ ಬರಲು ಬಹಳ ಕಾಲ ಹಿಡಿದೀತು ಎಂಬ ಅಭಿಪ್ರಾಯದ ಮಾತು. ಅದು ನಿಜವೇ ಆಯಿತು. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಡೊನಾಲ್ಡ್ ಲೇಕಾಕ್ ಒಂದಿಷ್ಟು ಪದ ಸಂಗ್ರಹಿಸಿದ್ದು ಬಿಟ್ಟರೆ, ಊರಿನಲ್ಲೇ ನಿಂತು ಕಲಿತವರು 1980ರ ದಶಕದವರೆಗೆ ಯಾರೂ ಇಲ್ಲ. ಆಗ ಬಂದವರು ಡಾನ್ ಕೂಲಿಕ್. ಸ್ವೀಡನ್ನಿನ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದುತ್ತಿದ್ದ ತರುಣ. 1986 ಮತ್ತು 87ರಲ್ಲಿ ವರ್ಷಕ್ಕೂ ಮಿಕ್ಕಿ ಅಲ್ಲೇ ಇದ್ದರು. ಆಮೇಲೆ ಮೂವತ್ತು ವರ್ಷಗಳ ಅವಧಿಯಲ್ಲಿ ಮತ್ತೆ ಮತ್ತೆ ಹೋಗಿಬಂದರು. ನಾನು ಮುಂದೆ ಹೇಳುವುದರಲ್ಲಿ ಬಹುಪಾಲು ಅವರ ಕೆಲಸದಿಂದ ತಿಳಿದದ್ದು.

ಇಲ್ಲಿಯವರೆಗೆ ಕೇಳಿದ್ದು ಇಷ್ಟು. ತಾಯಾಪ್ ಒಂದೇ ಊರಿನ ಭಾಷೆ. ಅದಕ್ಕೆ ನಂಟರಿಲ್ಲ. ಹೊರಗಿನವರು ಅದನ್ನು ಗಮನಿಸಿ ನೂರು ವರ್ಷವೂ ಆಗಿಲ್ಲ. ಈಗ ಅದರ ಒಳಗೆ ಸ್ವಲ್ಪ ಇಣುಕೋಣ. ಅದರ ವ್ಯಾಕರಣದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಲಿಂಗ.

ಕನ್ನಡದಲ್ಲಿ ಲಿಂಗದ ಲೆಕ್ಕ ನಮಗೆ ಗೊತ್ತು. ಗಂಡಸು ಬಂದನು, ಹೆಂಗಸು ಬಂದಳು, ಮಿಕ್ಕದ್ದೆಲ್ಲ ಬಂತು. ಹಸು ಬಂತು, ಬಸ್ಸು ಬಂತು, ಮಳೆ ಬಂತು. ದೇವರುಗಳಿಗೆ, ಸೂರ್ಯಚಂದ್ರರಿಗೆ ಒಂದಿಷ್ಟು ರಿಯಾಯಿತಿ. ಒಳಗೆ ಹೊಕ್ಕರೆ ಇಷ್ಟು ಸರಳವಲ್ಲ ಅನ್ನಿ. ಹವ್ಯಕ ಕನ್ನಡದಲ್ಲಿ ಅಕ್ಕನೂ ಬಂತು, ಅಮ್ಮನೂ ಬಂತು. ಅದು ಅಗೌರವವಲ್ಲ, ಅಲ್ಲಿಯ ವ್ಯಾಕರಣ.

ತಾಯಾಪಿನಲ್ಲಿ ಲಿಂಗಗಳು ಎರಡೇ. ಪುಲ್ಲಿಂಗ, ಸ್ತ್ರೀಲಿಂಗ. ನಪುಂಸಕ ಎಂಬುದಿಲ್ಲ. ಹಾಗಾದರೆ ಕಲ್ಲಿಗೆ, ಮರಕ್ಕೆ, ಕೊಡಲಿಗೆ ಯಾವ ಲಿಂಗ? ಇಲ್ಲಿದೆ ಸ್ವಾರಸ್ಯ. ಅದನ್ನು ವಸ್ತುವಿನ ಆಕಾರ ನೋಡಿ ತೀರ್ಮಾನಿಸುತ್ತಾರೆ. ಉದ್ದಗಿದ್ದರೆ, ಸಣಕಲಾಗಿದ್ದರೆ, ನೆಟ್ಟಗಿದ್ದರೆ ಪುಲ್ಲಿಂಗ. ಗಿಡ್ಡಗಿದ್ದರೆ, ಗುಂಡಗಿದ್ದರೆ, ದಪ್ಪಗಿದ್ದರೆ ಸ್ತ್ರೀಲಿಂಗ. ಮನುಷ್ಯರಿಗೆ ಗಂಡುಹೆಣ್ಣಿನ ಲೆಕ್ಕ ಇದ್ದೇ ಇದೆ. ಉಳಿದದ್ದಕ್ಕೆ ಕಣ್ಣಳತೆ.

ಆದ್ದರಿಂದ ಹೆಸರಿಗೆ ಲಿಂಗ ಅಂಟಿಕೊಂಡು ಕೂರುವುದಿಲ್ಲ. ಹಿಂದಿ ಕಲಿಯುವಾಗ ನಾವು ಪಟ್ಟ ಪಾಡು ನೆನಪಿದೆಯೇ? ಗಾಡಿ ಹೆಣ್ಣು, ಮನೆ ಗಂಡು, ಯಾಕೆ ಎಂದು ಮೇಷ್ಟರನ್ನು ಕೇಳಿದರೆ ಬಾಯಿಪಾಠ ಮಾಡು ಎನ್ನುತ್ತಿದ್ದರು. ತಾಯಾಪಿನಲ್ಲಿ ಬಾಯಿಪಾಠಕ್ಕೆ ಕೆಲಸವಿಲ್ಲ, ನೋಡುವುದಕ್ಕೆ ಕೆಲಸ. ಹೆಸರುಪದದ ರೂಪ ನೋಡಿದರೆ ಲಿಂಗದ ಸುಳಿವು ಸಿಗುವುದಿಲ್ಲ. ಅದು ಗೊತ್ತಾಗುವುದು ಮುಖ್ಯವಾಗಿ ಕ್ರಿಯಾಪದದಿಂದ, ನಮ್ಮ ಬಂದನು ಬಂದಳು ಥರ. ಅದೂ ಏಕವಚನದಲ್ಲಿ ಮಾತ್ರ. ಬಹುವಚನದಲ್ಲಿ ನಮ್ಮ ಬಂದರು ಎಂಬಲ್ಲಿ ಹೇಗೆ ಗಂಡುಹೆಣ್ಣಿನ ಭೇದ ಅಳಿಯುತ್ತದೋ ಅಲ್ಲೂ ಹಾಗೆಯೇ.

ಇನ್ನೂ ಒಂದು ಮಾತಿದೆ. ಆಕಾರ ಗೊತ್ತಿಲ್ಲ, ಅಥವಾ ಹೇಳುವ ಅಗತ್ಯವಿಲ್ಲ ಎಂದಿಟ್ಟುಕೊಳ್ಳಿ. ಆಗ ಯಾವುದನ್ನು ಬಳಸುವುದು? ಜಗತ್ತಿನ ಅನೇಕ ಭಾಷೆಗಳಲ್ಲಿ ಅಂಥ ಕಡೆ ಪುಲ್ಲಿಂಗ ಬಂದು ಕೂರುತ್ತದೆ. ತಾಯಾಪಿನಲ್ಲಿ ಬರುವುದು ಸ್ತ್ರೀಲಿಂಗ. ಸಾಮಾನ್ಯ ಎಂದರೆ ಹೆಣ್ಣು. ಇದರಿಂದ ಗಾಪುನ್‌ನಲ್ಲಿ ಹೆಂಗಸರ ಸ್ಥಾನಮಾನ ದೊಡ್ಡದು ಎಂದು ಹೊರಟುಬಿಡಬೇಡಿ. ವ್ಯಾಕರಣಕ್ಕೂ ಸಮಾಜಕ್ಕೂ ಅಂಥ ನೇರ ಸೇತುವೆ ಇಲ್ಲ. ಮುಂದೆ ಕೇಳಿದಾಗ ನಿಮಗೇ ತಿಳಿಯುತ್ತದೆ.

ಲಿಂಗದ ಮಾತಾಯಿತು. ಇನ್ನು ಕ್ರಿಯಾಪದ. ತಾಯಾಪಿನ ಭಾರವೆಲ್ಲ ಕ್ರಿಯಾಪದದ ಮೇಲೆ. ಕನ್ನಡದ ಕ್ರಿಯಾಪದದಲ್ಲಿ ಮಾಡಿದವರು ಯಾರು ಎಂಬುದು ತಿಳಿಯುತ್ತದೆ. ನೋಡಿದೆ ಎಂದರೆ ನಾನು, ನೋಡಿದಳು ಎಂದರೆ ಅವಳು. ತಾಯಾಪಿನಲ್ಲಿ ನೋಡಿದ್ದು ಯಾರು ಎಂಬುದರ ಜೊತೆಗೆ ನೋಡಿದ್ದು ಯಾರನ್ನು ಎಂಬುದೂ ಕ್ರಿಯಾಪದದೊಳಗೇ ಸೇರುತ್ತದೆ. ಅದರ ಮೇಲೆ ಇನ್ನೊಂದು ಭೇದ. ನಡೆದದ್ದು ಅಥವಾ ನಡೆಯುತ್ತಿರುವುದು ಒಂದು ಕಡೆ. ಇನ್ನೂ ನಡೆಯದ್ದು, ನಡೆಯಲಿರುವುದು, ನಡೆಯಬಹುದಾದದ್ದು ಇನ್ನೊಂದು ಕಡೆ. ನಮ್ಮ ಭೂತ, ವರ್ತಮಾನ, ಭವಿಷ್ಯತ್ತಿನ ವಿಂಗಡಣೆಗಿಂತ ಇದು ಮುಖ್ಯ. ನಿಜವಾದದ್ದೋ, ಬರಿಯ ಸಂಭವವೋ ಎಂಬ ಪ್ರಶ್ನೆ. ಈ ಎರಡು ಕಡೆಗೂ ಬೇರೆ ಬೇರೆ ಪ್ರತ್ಯಯಗಳು.

ಇಷ್ಟಕ್ಕೇ ಮುಗಿಯುವುದಿಲ್ಲ. ಎರಡು ಮೂರು ಧಾತುಗಳನ್ನು ಒಂದಕ್ಕೊಂದು ಜೋಡಿಸಿ ಒಂದೇ ಶಬ್ದ ಮಾಡಬಹುದು. ‘ಅವಳು ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಕೆಳಗಿಳಿಸಬೇಕೆಂದಿದ್ದಾಳೆ’ ಎಂದು ನಾವು ಆರು ಶಬ್ದದಲ್ಲಿ ಹೇಳುವುದನ್ನು ತಾಯಾಪಿನಲ್ಲಿ ಒಂದೇ ಶಬ್ದದಲ್ಲಿ ಹೇಳಿ ಮುಗಿಸಬಹುದು. ಹೊರುವುದು, ಇಳಿಯುವುದು, ಅವಳು, ಅವನು, ಇನ್ನೂ ನಡೆದಿಲ್ಲ ಎಂಬ ಸೂಚನೆ, ಎಲ್ಲವೂ ಅದರೊಳಗೆ. ಹೇಳುವವರಿಗೆ ಉಸಿರು ಸಾಕಾಗಬೇಕು, ಅಷ್ಟೆ. ಡಾನ್ ಕೂಲಿಕ್ ಎಷ್ಟೋ ವರ್ಷ ಈ ಕ್ರಿಯಾಪದಗಳ ಜೊತೆ ಗುದ್ದಾಡಿದರು. ಕೊನೆಗೆ ಏಂಜೆಲಾ ಟೆರಿಲ್ ಎಂಬ ಭಾಷಾವಿಜ್ಞಾನಿಯ ಜೊತೆ ಸೇರಿ ತಾಯಾಪಿನ ವ್ಯಾಕರಣ ಮತ್ತು ನಿಘಂಟನ್ನು 2019ರಲ್ಲಿ ಹೊರತಂದರು.

ಇದನ್ನೆಲ್ಲ ಕೇಳಿ ನೀವು ಹೀಗೆಂದುಕೊಳ್ಳಬಹುದು. ಇಷ್ಟು ಕಷ್ಟದ ಭಾಷೆ, ಇಷ್ಟು ಕಡಿಮೆ ಜನ, ಸಾಯದೆ ಇನ್ನೇನು? ಈ ಎರಡು ಕಾರಣಗಳನ್ನೂ ಒಂದೊಂದಾಗಿ ನೋಡೋಣ. ಎರಡೂ ನಿಲ್ಲುವುದಿಲ್ಲ ಎಂಬುದೇ ನನ್ನ ವಾದ.

ಕಷ್ಟ ಎಂಬುದು ದೊಡ್ಡವರಾದ ಮೇಲೆ ಕಲಿಯುವವರ ಮಾತು. ತೊಟ್ಟಿಲ ಮಗುವಿಗೆ ಕಷ್ಟದ ಭಾಷೆ ಎಂಬುದಿಲ್ಲ. ಗಾಪುನ್‌ನ ಮಕ್ಕಳು ತಲೆಮಾರುಗಳಿಂದ ಈ ಕ್ರಿಯಾಪದಗಳನ್ನು ಆಟವಾಡುತ್ತಲೇ ಕಲಿತಿದ್ದರು.

ಇನ್ನು ಸಂಖ್ಯೆ. ತಾಯಾಪ್ ಆಡುವವರು ಯಾವ ಕಾಲದಲ್ಲೂ 150ಕ್ಕಿಂತ ಹೆಚ್ಚಿದ್ದಿರಲಾರರು ಎಂದು ಕೂಲಿಕ್ ಅಂದಾಜು ಮಾಡುತ್ತಾರೆ. ನಮಗೆ ಇದು ನಂಬಲಾಗದ ಲೆಕ್ಕ. 2011ರ ಜನಗಣತಿಯಲ್ಲಿ ಕನ್ನಡ ಮನೆಮಾತಿನವರೇ ನಾಲ್ಕು ಕೋಟಿಗೂ ಹೆಚ್ಚು. ಹಾಗಿದ್ದೂ ನಾವು ದಿನಬೆಳಗಾದರೆ ಆತಂಕ ಪಡುತ್ತೇವೆ. ನೂರೋ ನೂರೈವತ್ತೋ ಜನರ ಬಾಯಲ್ಲಿ ಆ ಭಾಷೆ ಎಷ್ಟೋ ಶತಮಾನ ಬಾಳಿತು. ಹೇಗೆ? ಹೆಚ್ಚಿನವರಿಗೆ ಸುತ್ತಲಿನ ಎರಡು ಮೂರು ಭಾಷೆಗಳೂ ಬರುತ್ತಿದ್ದವು. ವ್ಯಾಪಾರಕ್ಕೆ ಒಂದು, ನೆಂಟರಿಗೆ ಒಂದು, ಮನೆಗೆ ತಾಯಾಪ್. ಇನ್ನೊಂದು ಕಲಿತರೆ ಮೊದಲಿನದು ಬಿಡಬೇಕು ಎಂಬ ಯೋಚನೆಯೇ ಇರಲಿಲ್ಲ.

ಅಷ್ಟೇ ಅಲ್ಲ. ಆ ದೇಶದಲ್ಲಿ ಭಾಷೆ ಬೇರೆಯಾಗಿರುವುದು ಹೆಮ್ಮೆಯ ವಿಷಯ. ದ್ವೀಪದ ಇನ್ನೊಂದು ಭಾಗದಲ್ಲಿ ಸೆಲೆಪೆಟ್ ಎಂಬ ಭಾಷೆ ಆಡುವವರಿದ್ದಾರೆ. ಅವರ ಒಂದು ಹಳ್ಳಿಯವರು ಸಭೆ ಸೇರಿ ‘ಇಲ್ಲ’ ಎಂಬುದಕ್ಕಿದ್ದ ಶಬ್ದವನ್ನೇ ಬದಲಾಯಿಸಿಕೊಂಡರಂತೆ. ಯಾಕೆ ಎಂದರೆ ಅಕ್ಕಪಕ್ಕದ ಸೆಲೆಪೆಟ್ ಹಳ್ಳಿಗಳಿಗಿಂತ ತಾವು ಬೇರೆಯಾಗಿ ಕಾಣಬೇಕು! ಇಂಥ ನಾಡಿನಲ್ಲಿ ಚಿಕ್ಕ ಭಾಷೆ ಎಂದರೆ ಬಡ ಭಾಷೆಯಲ್ಲ.

ಹಾಗಾದರೆ ಏನಾಯಿತು? ಕಷ್ಟವೂ ಕಾರಣವಲ್ಲ, ಕಡಿಮೆ ಜನವೂ ಕಾರಣವಲ್ಲ ಎಂದೆ. ಸರ್ಕಾರ ನಿಷೇಧಿಸಿತೇ? ಇಲ್ಲ. ಪಾದ್ರಿಗಳು ಬಂದು ನೆಲೆನಿಂತು ಬಿಡಿಸಿದರೇ? ಗಾಪುನ್‌ನಲ್ಲಿ ಪಾದ್ರಿಗಳು ನೆಲೆಸಿದ್ದೇ ಇಲ್ಲ. ಶಾಲೆಯೇ? ಶಾಲೆ ಪಕ್ಕದ ಊರಿನಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಆದರೆ ಮಕ್ಕಳು ಶಾಲೆಯ ಮುಖ ನೋಡುವ ಮೊದಲೇ ತಾಯಾಪ್ ಬಿಟ್ಟಾಗಿತ್ತು. ಕೂಲಿಕ್ 1987ರಲ್ಲಿ ನೋಡಿದಾಗ ಊರಿನ ದೊಡ್ಡವರೆಲ್ಲ ತಾಯಾಪ್ ಆಡುತ್ತಿದ್ದರು. ಹತ್ತು ವರ್ಷದೊಳಗಿನ ಒಂದು ಮಗುವೂ ಆಡುತ್ತಿರಲಿಲ್ಲ.

ಮಕ್ಕಳು ಆಡುತ್ತಿದ್ದ ಭಾಷೆ ಟೋಕ್ ಪಿಸಿನ್. ಇದು ಇವತ್ತು ಪಪುವಾ ನ್ಯೂಗಿನಿಯ ಉದ್ದಗಲಕ್ಕೂ ನಡೆಯುವ ಭಾಷೆ. ಹುಟ್ಟಿದ್ದು 19ನೆಯ ಶತಮಾನದ ತೋಟಗಳಲ್ಲಿ. ಬೇರೆ ಬೇರೆ ಭಾಷೆಯ ಕೂಲಿಗಳು, ಬಿಳಿಯ ಮಾಲೀಕರು. ನಡುವೆ ಒಂದು ಮಾತು ಬೇಕಾಯಿತು. ಶಬ್ದಗಳು ಬಹುಮಟ್ಟಿಗೆ ಇಂಗ್ಲಿಷಿನವು, ಜೋಡಣೆ ಶಾಂತಸಾಗರದ್ದು. ಆಸ್ಪತ್ರೆಗೆ ಅದರಲ್ಲಿ ‘ಹೌಸ್ ಸಿಕ್’ ಎನ್ನುತ್ತಾರೆ. ಕೇಳಿದರೆ ನಗು ಬರಬಹುದು, ಆದರೆ ಅದು ತನ್ನದೇ ವ್ಯಾಕರಣವಿರುವ ಪೂರ್ಣ ಭಾಷೆ. ಅಲ್ಲಿಯ ಸಂಸತ್ತಿನಲ್ಲೂ ಬಳಕೆಯಲ್ಲಿದೆ.

ಗಾಪುನ್‌ಗೆ ಅದು ಬಂದದ್ದು ಸುಮಾರು 1916ರ ಹೊತ್ತಿಗೆ. ಊರಿನ ಇಬ್ಬರು ಗಂಡಸರು ದೂರದ ತೋಟಕ್ಕೆ ಕೂಲಿಗೆ ಹೋಗಿ ಹಿಂದಿರುಗಿದರು. ಕಬ್ಬಿಣದ ಕತ್ತಿ, ಬಟ್ಟೆ ತಂದರು. ಜೊತೆಗೆ ಈ ಮಾತನ್ನೂ ತಂದರು. ಅವರಿಂದ ಊರಿನ ಹುಡುಗರು ಕಲಿತರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ಮದುವೆಯಾಗದ ಗಂಡಸರು ಹೆಚ್ಚುಕಡಿಮೆ ಎಲ್ಲರೂ ವರ್ಷ, ಎರಡು ವರ್ಷ ಕೂಲಿಗೆ ಹೋಗಿ ಬಂದವರೇ. ಹೊರಗಿನ ಸಾಮಾನು, ಹೊರಗಿನ ದೇವರು, ಹೊರಗಿನ ತಿಳಿವಳಿಕೆ, ಎಲ್ಲವೂ ಟೋಕ್ ಪಿಸಿನ್ ಮೂಲಕ ಬಂದವು. ಪೂಜೆ ಪ್ರಾರ್ಥನೆಯೂ ಅದರಲ್ಲೇ. ಹೆಂಗಸರು ಕಲಿತದ್ದು ತಡವಾಗಿ. ಮನೆಯಲ್ಲಿ ತಾಯಂದಿರು ತಾಯಾಪ್ ಒಂದನ್ನೇ ಆಡುತ್ತಿದ್ದಷ್ಟು ಕಾಲ ಮಕ್ಕಳು ತಾಯಾಪ್ ಕಲಿಯುತ್ತಲೇ ಇದ್ದರು.

ಹೀಗೆ ಎರಡು ಭಾಷೆಗಳು ಊರಿನಲ್ಲಿ ಕೂಡಿದವು. ಕೂಡಿದರೇನು, ಹಿಂದೆಯೂ ಎಷ್ಟೋ ಕೂಡಿದ್ದವಲ್ಲ ಎನ್ನಬಹುದು. ವ್ಯತ್ಯಾಸ ಬಂದದ್ದು ಮನುಷ್ಯ ಸ್ವಭಾವದ ಬಗ್ಗೆ ಗಾಪುನ್ ಜನಕ್ಕಿರುವ ಒಂದು ಕಲ್ಪನೆಯಿಂದ. ಇದು ಸ್ವಲ್ಪ ನಿಧಾನವಾಗಿ ಕೇಳಬೇಕಾದ ಭಾಗ.

ಅವರ ಪ್ರಕಾರ ಪ್ರತಿಯೊಬ್ಬನೊಳಗೂ ಎರಡು ಗುಣಗಳಿವೆ. ಒಂದನ್ನು ಟೋಕ್ ಪಿಸಿನ್‌ನಲ್ಲಿ ‘ಹೆಡ್’ ಎನ್ನುತ್ತಾರೆ. ಹಟ, ಮೊಂಡುತನ, ತನ್ನಿಷ್ಟದಂತೆ ನಡೆಯುವುದು, ಯಾರ ಮಾತನ್ನೂ ಕೇಳದಿರುವುದು. ಇನ್ನೊಂದು ‘ಸಾವೆ’. ತಿಳಿವು, ಸೈರಣೆ, ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗುವುದು. ಹೆಡ್ ಹುಟ್ಟುತ್ತಲೇ ಬರುತ್ತದೆ. ಸಾವೆ ಬೆಳೆಯುತ್ತ ಬರುತ್ತದೆ. ಕೂಸು ಎಂದರೆ ಹಟದ ಮುದ್ದೆ ಎಂದೇ ಅವರ ತಿಳುವಳಿಕೆ.

ಮಗುವಿನ ಮೊದಲ ಮಾತು ಯಾವುದು ಎಂದು ನಮ್ಮಲ್ಲಿ ಕೇಳಿ. ಅಮ್ಮ, ಅಪ್ಪ, ತಾತಾ, ಹೀಗೇನಾದರೂ ಹೇಳುತ್ತಾರೆ. ಗಾಪುನ್‌ನಲ್ಲಿ ಎರಡು ತಿಂಗಳ ಕೂಸು ಗೊಳಗೊಳ ಎಂದರೆ ತಾಯಿ ಅದನ್ನು ‘ಓಕಿ’ ಎಂದು ಕೇಳಿಸಿಕೊಳ್ಳುತ್ತಾಳೆ. ‘ನಾನು ಹೊರಟೆ’ ಎಂದು ಅದರ ಅರ್ಥ. ಸ್ವಲ್ಪ ದಿನದಲ್ಲಿ ‘ಮಿಂದಾ’ ಬರುತ್ತದೆ: ಸಾಕಾಯಿತು ನನಗೆ. ಆಮೇಲೆ ‘ಆಯಾತಾ’: ನಿಲ್ಲಿಸು. ಈ ಮೂರೂ ತಾಯಾಪ್ ಶಬ್ದಗಳು. ಮಗು ಹೇಳಿತೋ ಬಿಟ್ಟಿತೋ, ಕೇಳಿಸಿಕೊಂಡವರು ಹೇಳಿತು ಎನ್ನುತ್ತಾರೆ. ನೋಡಿ, ಹುಟ್ಟಿದ ಕೂಸಿನ ಹಟ ಮಾತಾಡುವುದು ತಾಯಾಪಿನಲ್ಲಿ!

ಇನ್ನೊಂದು ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಿ. ಒಬ್ಬ ಹೆಂಗಸಿಗೆ ಯಾರ ಮೇಲೋ ಸಿಟ್ಟು ಬಂದಿದೆ. ಅವಳ ಅಡಿಕೆಯನ್ನು ಯಾರೋ ಕದ್ದಿರಬಹುದು, ಗಂಡ ಹೇಳಿದ ಕೆಲಸ ಮಾಡದೆ ಮಲಗಿರಬಹುದು. ಅವಳು ಎದುರಿಗೆ ಹೋಗಿ ಜಗಳವಾಡುವುದಿಲ್ಲ. ಕಂಬದ ಮೇಲಿನ ತನ್ನ ಮನೆಯೊಳಗೆ ಕೂತು ಊರಿಗೆಲ್ಲ ಕೇಳುವ ಹಾಗೆ ಬೈಯುತ್ತಾಳೆ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಬೈಗುಳಗಳು ಬಾನುಲಿಯಲ್ಲಿ ಹೇಳುವಂಥವಲ್ಲ. ಊರು ಕೆಲಸ ಮಾಡುತ್ತಲೇ ಕಿವಿಗೊಡುತ್ತದೆ. ಬೈಸಿಕೊಂಡವರು ಸುಮ್ಮನಿರಬೇಕು, ಇಲ್ಲವೇ ತಮ್ಮ ಮನೆಯೊಳಗಿಂದಲೇ ಉತ್ತರ ಕೊಡಬೇಕು. ಇದಕ್ಕೆ ‘ಕ್ರೋಸ್’ ಎಂದು ಹೆಸರು. ಒಳ್ಳೆಯ ಕ್ರೋಸ್ ನಡೆಯುವುದು ಹೆಚ್ಚಾಗಿ ತಾಯಾಪಿನಲ್ಲಿ. ಆ ಉದ್ದುದ್ದದ ಕ್ರಿಯಾಪದಗಳು ಬೈಯಲಿಕ್ಕೆ ಹೇಳಿಮಾಡಿಸಿದಂತಿವೆ ಅನಿಸುತ್ತದೆ ನನಗೆ.

ಗಂಡಸರದು ಬೇರೆ. ಅವರು ಪುರುಷರ ಮನೆಯಲ್ಲಿ ಸೇರುತ್ತಿದ್ದರು. ಅಡಿಕೆ ಜಗಿಯುತ್ತ ಭಾಷಣ ಮಾಡುತ್ತಿದ್ದರು. ಭಿನ್ನಾಭಿಪ್ರಾಯ ಮುಚ್ಚಿ, ನಾವೆಲ್ಲ ಒಂದೇ ಎಂದು ಮಾತು ಹೊಂದಿಸುತ್ತಿದ್ದರು. ಅದರಲ್ಲಿ ಟೋಕ್ ಪಿಸಿನ್ ಧಾರಾಳ. ಗಂಡಸರಿಗೇನು ಸಿಟ್ಟಿಲ್ಲವೇ? ಇದೆ. ಆದರೆ ಸಿಟ್ಟು ಹೆಂಗಸರ ಗುಣ, ತಿಳಿವು ಗಂಡಸರ ಗುಣ ಎಂದು ಊರು ಹಂಚಿಬಿಟ್ಟಿದೆ. ಹಂಚಿದವರು ಯಾರು ಎಂದು ಕೇಳಬೇಡಿ, ನಿಮಗೂ ಗೊತ್ತಿರುವ ವಿಷಯ.

ಈಗ ಎಳೆಗಳನ್ನು ಜೋಡಿಸಿ ನೋಡೋಣ. ಹಟ, ಸಿಟ್ಟು, ಕೂಸು, ಹೆಂಗಸು, ಹಳೆಯ ಕಾಲ, ಇವೆಲ್ಲ ಹೆಡ್ ಪಕ್ಷ. ಆ ಪಕ್ಷದ ಭಾಷೆ ತಾಯಾಪ್. ತಿಳಿವು, ಗಂಡಸು, ದುಡ್ಡು, ಇಗರ್ಜಿ, ಬರುವ ಕಾಲ, ಇವೆಲ್ಲ ಸಾವೆ ಪಕ್ಷ. ಅದರ ಭಾಷೆ ಟೋಕ್ ಪಿಸಿನ್. ಯಾರೂ ಕೂತು ಹೀಗೆ ತೀರ್ಮಾನಿಸಲಿಲ್ಲ. ತಾಯಾಪ್ ಕೆಟ್ಟ ಭಾಷೆ ಎಂದು ಯಾರೂ ಹೇಳುವುದೂ ಇಲ್ಲ. ಅದು ನಮ್ಮ ಭಾಷೆ, ಚೆಂದದ ಭಾಷೆ ಎಂದೇ ಹೇಳುತ್ತಾರೆ. ಆದರೆ ಮಗುವಿಗೆ ಸಾವೆ ಬರಬೇಕು ಎಂದು ಯಾವ ತಾಯಿಗೆ ಆಸೆಯಿಲ್ಲ? ಎರಡು ವರ್ಷದ ಮಗುವಿಗೆ ಬುದ್ಧಿ ಹೇಳುವ ಹೊತ್ತಿಗೆ ಬಾಯಿ ತಾನಾಗಿ ಟೋಕ್ ಪಿಸಿನ್ ಕಡೆ ತಿರುಗುತ್ತದೆ.

ಅದು ನಡೆಯುವ ರೀತಿಯೂ ಗಮನಿಸುವಂಥದು. ತಾಯಿ ಮಗುವಿಗೆ ತಾಯಾಪಿನಲ್ಲಿ ಒಂದು ಕೆಲಸ ಹೇಳುತ್ತಾಳೆ. ಮಗು ಅಲುಗಾಡುವುದಿಲ್ಲ. ಅದೇ ಮಾತನ್ನು ಟೋಕ್ ಪಿಸಿನ್‌ನಲ್ಲಿ ಹೇಳುತ್ತಾಳೆ. ಮತ್ತೊಮ್ಮೆ ಹೇಳುತ್ತಾಳೆ. ಮಗು ಏಳುತ್ತದೆ. ದಿನಕ್ಕೆ ಹತ್ತಾರು ಸಲ ಹೀಗೆ. ತಾಯಾಪಿನಲ್ಲಿ ಹೇಳಿದ್ದಕ್ಕೆ ಉತ್ತರ ಕೊಡಬೇಕಿಲ್ಲ, ಹಿಂದೆಯೇ ಅದರ ಅರ್ಥ ಬರುತ್ತದೆ ಎಂದು ಮಗು ಬೇಗ ಕಲಿಯುತ್ತದೆ. ಹೀಗೆ ಅದಕ್ಕೆ ತಾಯಾಪ್ ಅರ್ಥವಾಗುತ್ತದೆ, ಆಡುವ ಅಗತ್ಯ ಬೀಳುವುದಿಲ್ಲ.

ನಿಮ್ಮ ಮಕ್ಕಳು ತಾಯಾಪ್ ಯಾಕೆ ಆಡುವುದಿಲ್ಲ ಎಂದು ಕೂಲಿಕ್ ತಂದೆತಾಯಿಯರನ್ನು ಕೇಳಿದರು. ಅವರಿಗೂ ಇದು ಗೊಂದಲದ ವಿಷಯವೇ. ಆದರೆ ಉತ್ತರ ಸಿದ್ಧವಾಗಿತ್ತು. ನಾವೇನು ಕಲಿಸಲಿಲ್ಲವೇ? ಮಗುವೇ ಬೇಡವೆನ್ನುತ್ತದೆ. ಹಟಮಾರಿ ಮಗು, ಅದಕ್ಕೆ ಟೋಕ್ ಪಿಸಿನ್ನೇ ಬೇಕಂತೆ. ಅಂದರೆ ತಾಯಾಪ್ ಬಿಟ್ಟವರು ದೊಡ್ಡವರಲ್ಲ, ಎರಡು ವರ್ಷದ ಕೂಸುಗಳು! ಹುಟ್ಟುವಾಗಲೇ ಹಟ ಹೊತ್ತು ಬರುವ ಮಗು ಭಾಷೆಯ ವಿಷಯದಲ್ಲೂ ಹಟ ಮಾಡಿತು ಎಂಬುದು ಅವರ ತರ್ಕಕ್ಕೆ ಸರಿಯಾಗಿ ಕೂರುತ್ತದೆ. ತಾವೇ ಭಾಷೆ ಬದಲಿಸಿ ಮಾತಾಡುತ್ತಿದ್ದೇವೆ ಎಂಬುದು ಅವರ ಗಮನಕ್ಕೆ ಬಂದಿರಲೇ ಇಲ್ಲ. ಅವರನ್ನು ದೂರುವಂತಿಲ್ಲ. ಮಗುವಿನ ಜೊತೆ ಮಾತಾಡುವಾಗ ಯಾವ ಭಾಷೆ ಎಷ್ಟು ಬಂತು ಎಂದು ಯಾರಾದರೂ ಲೆಕ್ಕ ಇಡುತ್ತಾರೆಯೇ?

ಕೆಲವು ಕೇಳುಗರು ಈ ಹೊತ್ತಿಗೆ ತಮ್ಮ ಮನೆಯ ಕಡೆ ನೋಡಿಕೊಳ್ಳುತ್ತಿರಬಹುದು. ಹೋಲಿಕೆ ಬೇಡವೆನ್ನಲಾರೆ. ಆದರೆ ಅವಸರ ಬೇಡ. ನಮ್ಮಲ್ಲಿ ಇಂಗ್ಲಿಷಿನ ಹಿಂದೆ ನೌಕರಿಯ ಲೆಕ್ಕ ಎದ್ದು ಕಾಣುತ್ತದೆ. ಗಾಪುನ್‌ನಲ್ಲಿ ಟೋಕ್ ಪಿಸಿನ್ ಕಲಿತ ಮಗುವಿಗೆ ಯಾವ ನೌಕರಿಯೂ ಕಾದಿಲ್ಲ. ಅದು ಬೆಳೆದು ಮತ್ತೆ ಸಾಗೋ ಮರವನ್ನೇ ಕಡಿಯಬೇಕು. ಲಾಭವಿಲ್ಲದೆಯೂ ಭಾಷೆ ಬದಲಾಗುತ್ತದೆ ಎಂಬುದೇ ಈ ಊರಿನ ವಿಶೇಷ.

ಇದುವರೆಗೆ ಹೇಳಿದ್ದು 1980ರ ದಶಕದ ಮಾತು. ಆಗಿನ ಮಕ್ಕಳು ಈಗ ನಡುವಯಸ್ಸಿನವರು. ಅವರ ಮಕ್ಕಳೂ ದೊಡ್ಡವರಾಗಿದ್ದಾರೆ. ಆಗ ತಾಯಾಪ್ ಆಡುವವರು ಸುಮಾರು 90 ಇದ್ದರು. ಊರಿನ ಜನಸಂಖ್ಯೆ ಆಮೇಲೆ ಏರಿತು, ತಾಯಾಪ್ ಆಡುವವರು ಅರ್ಧಕ್ಕಿಳಿದರು. ಜನ ಬೆಳೆದು ಭಾಷೆ ಕುಗ್ಗಿತು. ಭಾಷೆ ಅಳಿಯುವುದೆಂದರೆ ಜನ ಅಳಿಯುವುದು ಎಂದು ನಾವು ಅಂದುಕೊಳ್ಳುತ್ತೇವೆ. ಗಾಪುನ್‌ನಲ್ಲಿ ಮನೆತುಂಬ ಮಕ್ಕಳಿದ್ದರು.

ಮುದುಕರು ಈಗ ಹುಡುಗರನ್ನು ಬೈಯುತ್ತಾರೆ. ನಿಮಗೆ ಸ್ವಂತ ಭಾಷೆಯೇ ಬರುವುದಿಲ್ಲ ಎನ್ನುತ್ತಾರೆ. ಯಾರಾದರೂ ಧೈರ್ಯ ಮಾಡಿ ಒಂದು ವಾಕ್ಯ ಆಡಿದರೆ ತಪ್ಪು ಹಿಡಿದು ನಗುತ್ತಾರೆ. ಹುಡುಗರಿಗೆ ನಾಚಿಕೆ. ಬಾಯಿ ಮುಚ್ಚಿಕೊಳ್ಳುತ್ತಾರೆ. ಕಾಡಿನ ಗಿಡಮರಗಳ, ಹಕ್ಕಿಗಳ ಹೆಸರುಗಳು ಮೊದಲು ಮರೆಗೆ ಸರಿದವು. ಪ್ರೇಮಪತ್ರ ಬರೆಯುವುದು ಟೋಕ್ ಪಿಸಿನ್‌ನಲ್ಲಿ. ನಾನು ಆಗಲೇ ಹೇಳಿದ ಆಕಾರ ನೋಡಿ ಲಿಂಗ ಹೇಳುವ ಪದ್ಧತಿಯೂ ಚಿಕ್ಕವರ ಬಾಯಲ್ಲಿ ಸಡಿಲವಾಗಿದೆ.

ಈ ಕಥೆ ಇಲ್ಲಿಗೆ ಮುಗಿಯಿತು ಎಂದು ಕೂಲಿಕ್ ಕೂಡ ಅಂದುಕೊಂಡಿರಬೇಕು. ಆದರೂ ಒಂದು ಪ್ರಯತ್ನ ಮಾಡಿದರು. ಸುಮಾರು 2009, 2010ರ ಹೊತ್ತಿಗೆ. ತಾಯಾಪ್ ಆಡದ ತರುಣ ತರುಣಿಯರನ್ನು ಒಬ್ಬೊಬ್ಬರಾಗಿ ಕರೆದರು. ನಗುವ ಮುದುಕರು ಹತ್ತಿರ ಇರದಂತೆ ನೋಡಿಕೊಂಡರು. ಧ್ವನಿಮುದ್ರಕ ಮುಂದಿಟ್ಟು, ತಾಯಾಪಿನಲ್ಲಿ ಒಂದು ಕಥೆ ಹೇಳಿ ಎಂದರು. ಜೀವಮಾನದಲ್ಲಿ ತಾಯಾಪಿನಲ್ಲಿ ಸಂಭಾಷಣೆ ಮಾಡದವರು. ಅವರಲ್ಲಿ ಎಷ್ಟೋ ಜನ ಕಥೆ ಹೇಳಿದರು. ಕೆಲವರು ತಡವರಿಸಿದರು. ಕೆಲವರಂತೂ ಕ್ರಿಯಾಪದಗಳನ್ನು ಜೋಡಿಸುತ್ತ, ಸೊಗಸಾಗಿ, ತುಂಬುಮಾತಿನಲ್ಲಿ ಹೇಳಿದರು. ಆಮೇಲೆ ಎದ್ದು ಹೋಗಿ ಸ್ನೇಹಿತರ ಜೊತೆ ಟೋಕ್ ಪಿಸಿನ್‌ನಲ್ಲೇ ಮಾತು ಮುಂದುವರಿಸಿದರು.

ಕೇಳಿ ಕೇಳಿ ಅವರೊಳಗೆ ಇಡೀ ವ್ಯಾಕರಣ ಇಳಿದಿತ್ತು. ಆಡಲು ಕಾರಣವಿರಲಿಲ್ಲ. ಭಾಷೆ ಬಲ್ಲವರ ಪಟ್ಟಿಯಲ್ಲಿ ಇವರನ್ನು ಸೇರಿಸಬೇಕೋ ಬಿಡಬೇಕೋ? ನನಗಂತೂ ಸೇರಿಸಬೇಕು ಅನಿಸುತ್ತದೆ, ಆದರೆ ಇವರು ತಮ್ಮ ಮಕ್ಕಳಿಗೆ ತಾಯಾಪ್ ಆಡುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. 2019ರ ಆ ವ್ಯಾಕರಣ ಗ್ರಂಥ ಇವರ ಮಾತನ್ನು ತಪ್ಪು ತಾಯಾಪ್ ಎಂದು ತಳ್ಳಿಹಾಕಲಿಲ್ಲ. ಕಿರಿಯರ ತಾಯಾಪ್ ಎಂದೇ ಹೆಸರು ಕೊಟ್ಟು, ಹಿರಿಯರ ಮಾತಿನ ಪಕ್ಕದಲ್ಲಿ ದಾಖಲಿಸಿದೆ. ಎಲ್ಲಿ ಪ್ರತ್ಯಯ ಬಿಟ್ಟರು, ಎಲ್ಲಿ ಟೋಕ್ ಪಿಸಿನ್ ಶಬ್ದ ತಂದು ಸೇರಿಸಿದರು, ಎಲ್ಲವೂ ಅದರಲ್ಲಿವೆ.